ಮನೆ ಮಂದಿಗೆಲ್ಲ ಒಂದು ಕಾರು: ಬಣ್ಣ ನೋಡುವ ಮೊದಲು ಬಗ್ಗಿ ಸಸ್ಪೆನ್ಷನ್ ನೋಡಿ

ಒಣ ಮೆಣಸಿನಕಾಯಿ ಬ್ಯಾಡಗಿ ಮಾರ್ಕೆಟ್ ಸೇರಿ ದುಡ್ಡು ಕೈಗೆ ಬರೋ ಹೊತ್ತಿಗೆ ನಮ್ಮ ಬಳ್ಳಾರಿ ಕಡೆ ಹುಡುಗರ ಫೋನಿನಲ್ಲಿ ಕಾರಿನ ವಿಡಿಯೊಗಳು ಓಡೋಕೆ ಶುರುವಾಗುತ್ತವೆ. ಸನ್‌ರೂಫ್ ಇದೆಯಾ, ಸ್ಕ್ರೀನ್ ಎಷ್ಟು ಇಂಚು, ಯಾವ ಬಣ್ಣಕ್ಕೆ ಎಷ್ಟು ದಿನ ಕಾಯಬೇಕು, ಎಲ್ಲಾ ಗೊತ್ತಿರುತ್ತೆ. "ಹಿಂದಿನ ಚಕ್ರಕ್ಕೆ ಯಾವ ಸ್ಪ್ರಿಂಗ್ ಐತೆ?" ಅಂತ ಕೇಳಿ ನೋಡಿ, ಸುಮ್ಮನಾಗುತ್ತಾರೆ. ಟ್ರ್ಯಾಕ್ಟರ್ ತರುವಾಗ ಎಚ್‌ಪಿ ಎಷ್ಟು, ಪಿಟಿಒ ಎಷ್ಟು, ಹೈಡ್ರಾಲಿಕ್ ಎಷ್ಟು ಕೆಜಿ ಎತ್ತುತ್ತೆ ಅಂತ ಹತ್ತು ಸಲ ಕೇಳೋ ನಾವು, ಅಷ್ಟೇ ಅಥವಾ ಅದಕ್ಕಿಂತ ಹೆಚ್ಚು ಸಾಲ ಮಾಡಿ ತರೋ ಕಾರಿಗೆ ಬಣ್ಣ ಮಾತ್ರ ಕೇಳ್ತೀವಿ.

ಈ ವಾರ ಬೆಳೆ ವಿಚಾರ ಬಿಟ್ಟು ಇದನ್ನೇ ಬರೆಯೋದಕ್ಕೆ ಕಾರಣ ಕೊಳಗಲ್ಲಿನ ನಮ್ಮ ದೊಡ್ಡಪ್ಪನ ಮನೆ. ಏಳು ಜನರ ಮನೆ: ದೊಡ್ಡಪ್ಪ, ದೊಡ್ಡವ್ವ, ಚಿಕ್ಕಪ್ಪ, ತಮ್ಮ, ಅವನ ಹೆಂಡತಿ, ಎರಡು ಮಕ್ಕಳು. ದೊಡ್ಡಪ್ಪ ಇಪ್ಪತ್ತೈದು ವರ್ಷ ಟ್ರ್ಯಾಕ್ಟರ್ ಹೊಡೆದು ಸೊಂಟದ ಡಿಸ್ಕ್ ಕೆಡಿಸಿಕೊಂಡಿದ್ದಾರೆ. ತಿಂಗಳಿಗೆ ಎರಡು ಮೂರು ಸಲ ಬಳ್ಳಾರಿಗೆ ಆಸ್ಪತ್ರೆಗೆ ಹೋಗಬೇಕು. ಆಟೊದಲ್ಲಿ ಹೋಗಿ ಬಂದ ಮೇಲೆ ಎರಡು ದಿನ ಮಲಗಿಬಿಡುತ್ತಾರೆ. ಅದಕ್ಕೇ ಕಾರು ಬೇಕಾಗಿದ್ದು. ಆದರೆ ಮನೆಯಲ್ಲಿ ಜಗಳ ಬೇರೆ ದಾರಿ ಹಿಡಿದಿತ್ತು. ಚಿಕ್ಕಪ್ಪ ಹೇಳೋದು, "ಬೊಲೆರೊ ತಗೋ, ಹೊಲಕ್ಕೂ ಹೋಗ್ತತೆ, ಗೊಬ್ಬರಾನೂ ಹೊರ್ತತೆ." ತಮ್ಮ ಹೇಳೋದು, "ಎರ್ಟಿಗಾ ಆದ್ರೆ ಮಕ್ಕಳು ಆರಾಮ ಕೂರ್ತಾವೆ." ಇಬ್ಬರೂ ನನಗೇ ಫೋನ್ ಮಾಡಿದರು. "ಅಣ್ಣಾ, ನೀನೇ ಹೇಳಿಬಿಡು" ಅಂದ. ಹೇಳೋದಕ್ಕೆ ಮೊದಲು ಗಾಡಿಯ ಕೆಳಗೆ ಏನಿದೆ ಅಂತ ನೋಡೋಣ ಅಂದೆ.

ಹೊರದೇಶಗಳಲ್ಲಿ ಇಂಥ ಮನೆಗೆ ಎಸ್ಟೇಟ್ ಕಾರು ಅಂತ ಒಂದು ಜಾತಿ ಇದೆ. ಸಾಮಾನ್ಯ ಕಾರಿನ ಬೆನ್ನನ್ನೇ ಹಿಂದಕ್ಕೆ ಉದ್ದ ಎಳೆದು ಸಾಮಾನಿಗೆ ಜಾಗ ಮಾಡಿದ ಗಾಡಿ. ನಮ್ಮಲ್ಲಿ 1992ರಲ್ಲಿ ಟಾಟಾ ಎಸ್ಟೇಟ್ ಬಂತು, 2004ರಲ್ಲಿ ಇಂಡಿಗೊ ಮರೀನಾ ಬಂತು, ಎರಡೂ ಹೆಚ್ಚು ದಿನ ನಿಲ್ಲಲಿಲ್ಲ. ಆ ಕೆಲಸವನ್ನು ಇಲ್ಲಿ ಮಾಡಿದ್ದು 2000ರಲ್ಲಿ ಬಂದ ಬೊಲೆರೊ ಮತ್ತು ಕ್ವಾಲಿಸ್, 2005ರ ಇನ್ನೋವಾ, 2012ರ ಎರ್ಟಿಗಾ, 2019ರ ಟ್ರೈಬರ್. ಹೆಸರು ಏನೇ ಇರಲಿ, ಪ್ರಶ್ನೆ ಒಂದೇ. ಒಬ್ಬನೇ ಕೂತಾಗಲೂ ಏಳು ಜನ ಕೂತಾಗಲೂ ಸರಿಯಾಗಿ ನಡೆಯೋ ಗಾಡಿ ಯಾವುದು? ಇದು ಕಾಣುವಷ್ಟು ಸುಲಭದ ಪ್ರಶ್ನೆ ಅಲ್ಲ.

ಸ್ಪ್ರಿಂಗ್ ಬೇರೆ, ಶಾಕ್ ಬೇರೆ

ಬಹಳ ಜನ ಎರಡನ್ನೂ ಒಂದೇ ಅಂದುಕೊಂಡಿರುತ್ತಾರೆ. ಸ್ಪ್ರಿಂಗ್ ಗಾಡಿಯ ಭಾರ ಹೊರುತ್ತೆ. ಶಾಕ್ ಅಬ್ಸಾರ್ಬರ್ ಭಾರ ಹೊರೋದಿಲ್ಲ, ಸ್ಪ್ರಿಂಗಿನ ಕುಣಿತವನ್ನು ನಿಲ್ಲಿಸುತ್ತೆ. ನಾಗರಪಂಚಮಿಗೆ ಮರಕ್ಕೆ ಕಟ್ಟಿದ ಜೋಕಾಲಿ ನೆನಪು ಮಾಡಿಕೊಳ್ಳಿ. ಒಂದು ಸಲ ನೂಕಿ ಬಿಟ್ಟರೆ ಎಷ್ಟೋ ಹೊತ್ತು ತೂಗುತ್ತಲೇ ಇರುತ್ತೆ. ಯಾರಾದರೂ ಹಗ್ಗ ಹಿಡಿದರೆ ನಿಲ್ಲುತ್ತೆ. ಹಗ್ಗ ಹಿಡಿದ ಆ ಕೈಯೇ ಶಾಕ್. ಒಳಗೆ ಎಣ್ಣೆ ಸಣ್ಣ ತೂತುಗಳ ಮೂಲಕ ಹಾಯಬೇಕು, ಆ ತಡೆಗೆ ಕುಣಿತದ ಶಕ್ತಿ ಬಿಸಿಯಾಗಿ ಹೋಗುತ್ತೆ. ಎಣ್ಣೆ ಸೋರಿದ ಶಾಕ್ ಇದ್ದರೆ ಕಾರು ಉಬ್ಬು ದಾಟಿದ ಮೇಲೂ ಎರಡು ಮೂರು ಸಲ ಏಳುತ್ತೆ, ಬೀಳುತ್ತೆ.

ಟ್ರ್ಯಾಕ್ಟರಿನ ಹಿಂದಿನ ಚಕ್ರಕ್ಕೆ ಇವೆರಡೂ ಇಲ್ಲ. ಅಚ್ಚು ನೇರವಾಗಿ ಮೈಗೆ ಸೇರಿರುತ್ತೆ, ಗಾಳಿ ತುಂಬಿದ ದೊಡ್ಡ ಟೈರು ಮತ್ತು ಸೀಟಿನ ಕೆಳಗಿನ ಸ್ಪ್ರಿಂಗ್ ಇಷ್ಟೇ ಆಸರೆ. ಸೆಕೆಂಡಿಗೆ ನಾಲ್ಕರಿಂದ ಎಂಟು ಸಲ ಬರುವ ಮೇಲೆ-ಕೆಳಗಿನ ಅದುರು ಕೂತ ಮನುಷ್ಯನ ಬೆನ್ನಿಗೆ ಅತಿ ಹೆಚ್ಚು ತಾಕುತ್ತೆ ಅಂತ ಅದುರಿನ ಬಗ್ಗೆ ಕೆಲಸ ಮಾಡಿದವರು ಹೇಳ್ತಾರೆ. ಟ್ರ್ಯಾಕ್ಟರ್ ಹೊಡೆಯೋರಿಗೆ ಸೊಂಟ ನೋವು ಯಾಕೆ ಬರುತ್ತೆ ಅಂತ ಇದರಲ್ಲೇ ಉತ್ತರ ಇದೆ. ದೊಡ್ಡಪ್ಪನಿಗೆ ಬೇಕಾದ ಕಾರು ಅಂದರೆ ಆ ಸಣ್ಣ ಗಡಗಡ ಅದುರನ್ನು ಸೀಟಿನವರೆಗೆ ಬರಲು ಬಿಡದ ಕಾರು.

ಹಿಂದಿನ ಅಚ್ಚಿನ ಮೂರು ಬಗೆ

ಮುಂದಿನ ಚಕ್ರಗಳ ವಿಷಯದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಇವತ್ತಿನ ಎಲ್ಲಾ ಮನೆ ಕಾರುಗಳಲ್ಲೂ ಮುಂದಿನ ಎರಡು ಚಕ್ರ ಬೇರೆ ಬೇರೆಯಾಗಿ ಮೇಲೆ ಕೆಳಗೆ ಆಡುತ್ತವೆ. ವ್ಯತ್ಯಾಸ ಇರೋದು ಹಿಂದೆ.

ಮೊದಲನೆಯದು ಕಮಾನ್ ಪಟ್ಟಿ. ಲಾರಿ, ಪಿಕಪ್ ಗಾಡಿಗಳಲ್ಲಿ ನೋಡೇ ಇರ್ತೀರಿ. ಬೊಲೆರೊದಲ್ಲಿ ಮುಂದೆ ಕಾಯಿಲ್, ಹಿಂದೆ ಗಟ್ಟಿ ಅಚ್ಚಿಗೆ ಪಟ್ಟಿ. ಹಳೆಯ ಅಂಬಾಸಿಡರಿನಲ್ಲೂ ಹಿಂದೆ ಇದೇ ಇತ್ತು. ಪಟ್ಟಿ ಎರಡು ಕೆಲಸ ಒಟ್ಟಿಗೆ ಮಾಡುತ್ತೆ: ಭಾರವೂ ಹೊರುತ್ತೆ, ಅಚ್ಚು ಅತ್ತಿತ್ತ ಸರಿಯದಂತೆಯೂ ಹಿಡಿಯುತ್ತೆ. ಅದಕ್ಕೇ ಗಟ್ಟಿ, ಸರಳ. ಒಂದು ಪಟ್ಟಿ ಮುರಿದರೂ ನಿಧಾನವಾಗಿ ಊರು ಸೇರಬಹುದು. ದುರಸ್ತಿಗೆ ಸಿಟಿಯ ಶೋರೂಮೇ ಬೇಕು ಅಂತಿಲ್ಲ. ಇದರ ಕಷ್ಟ ಏನು ಅಂದರೆ, ತುಂಬು ಹೊರೆ ಹೊರಬೇಕು ಅಂತಲೇ ಗಟ್ಟಿ ಮಾಡಿದ ಪಟ್ಟಿ ಖಾಲಿ ಗಾಡಿಗೆ ಅತಿ ಗಟ್ಟಿ. ಪಟ್ಟಿಗಳ ನಡುವಿನ ತಿಕ್ಕಾಟದಿಂದ ಸಣ್ಣ ಗುಂಡಿಗೆ ಅವು ಬಾಗೋದೇ ಇಲ್ಲ, ಹೊಡೆತ ನೇರವಾಗಿ ಸೀಟಿಗೆ ಬರುತ್ತೆ. ಜೊತೆಗೆ ಗಟ್ಟಿ ಅಚ್ಚು, ಅದರ ನಡುವಿನ ಗೇರ್ ಗುಂಡು, ಎರಡು ಚಕ್ರ, ಇಷ್ಟು ತೂಕದ ಕಬ್ಬಿಣ ಒಟ್ಟಿಗೆ ಕುಣಿಯಬೇಕು. ಎಡ ಚಕ್ರ ಗುಂಡಿಗೆ ಬಿದ್ದರೆ ಬಲಗಡೆ ಕೂತವನಿಗೂ ಗೊತ್ತಾಗುತ್ತೆ. ಬೊಲೆರೊದ ಹಿಂದಿನ ಎರಡು ಸೀಟು ಎದುರುಬದುರು ಅಡ್ಡ ಸೀಟುಗಳು, ಕೂರೋದು ಹೆಚ್ಚುಕಡಿಮೆ ಆ ಅಚ್ಚಿನ ಹಿಂದೆಯೇ. ಅಲ್ಲಿ ಮಕ್ಕಳನ್ನು ಕೂರಿಸಿ ಮಂತ್ರಾಲಯಕ್ಕೆ ಹೋಗಿ ಬಂದವರನ್ನು ಕೇಳಿ ನೋಡಿ.

ಎರಡನೆಯದು ಟಾರ್ಷನ್ ಬೀಮ್. ಎರ್ಟಿಗಾ, ಟ್ರೈಬರ್, 2022ರ ಕೊನೆಗೆ ಬಂದ ಇನ್ನೋವಾ ಹೈಕ್ರಾಸ್, ಎಲ್ಲದರಲ್ಲೂ ಇದೇ. ಎರಡು ಹಿಂದಿನ ಚಕ್ರಗಳ ನಡುವೆ ಒಂದು ತೊಲೆ, ಅದು ತಿರುಚಿಕೊಳ್ಳಬಲ್ಲದು. ಹಾಗಾಗಿ ಚಕ್ರಗಳು ಪೂರ್ತಿ ಬೇರೆಯೂ ಅಲ್ಲ, ಪೂರ್ತಿ ಕಟ್ಟಿಹಾಕಿದ್ದೂ ಅಲ್ಲ. ಮೇಲೆ ಕಾಯಿಲ್ ಸ್ಪ್ರಿಂಗ್. ಹಗುರ, ಜಾಗ ಕಡಿಮೆ ತಿನ್ನುತ್ತೆ, ಕೆಡೋ ಭಾಗಗಳು ಕಡಿಮೆ. ಸಣ್ಣ ಗುಂಡಿಗಳ ಮೇಲೆ ಪಟ್ಟಿಗಿಂತ ಎಷ್ಟೋ ನುಣುಪು. ತುಂಬು ಹೊರೆ ಬಿದ್ದಾಗ ಮಾತ್ರ ಹಿಂಭಾಗ ಕುಸಿಯುತ್ತೆ, ಸ್ಪ್ರಿಂಗಿಗೆ ಆಡಲು ಉಳಿಯೋ ಜಾಗ ಕಡಿಮೆಯಾಗುತ್ತೆ. ದೊಡ್ಡ ಉಬ್ಬಿನಲ್ಲಿ ಒಳಗಿನ ರಬ್ಬರ್ ತಡೆಗೆ ಹೋಗಿ ಬಡಿದರೆ 'ಧಡ್' ಅಂತ ಸದ್ದು.

ಮೂರನೆಯದು ಹಲವು ಕೊಂಡಿಗಳ ಜೋಡಣೆ, ಮಲ್ಟಿ-ಲಿಂಕ್ ಅಂತಾರೆ. ಇದರಲ್ಲೂ ಎರಡು ಥರ. ಇನ್ನೋವಾ ಕ್ರಿಸ್ಟಾ, ಸ್ಕಾರ್ಪಿಯೊ-ಎನ್, ಬೊಲೆರೊ ನಿಯೊಗಳಲ್ಲಿ ಗಟ್ಟಿ ಅಚ್ಚೇ ಇರುತ್ತೆ, ಆದರೆ ಪಟ್ಟಿ ಬದಲು ಕಾಯಿಲ್, ಅಚ್ಚನ್ನು ಹಿಡಿಯೋಕೆ ಕೊಂಡಿಗಳು. ಎಕ್ಸ್‌ಯುವಿ700ರಲ್ಲಿ ಹಿಂದಿನ ಚಕ್ರಗಳು ಪೂರ್ತಿ ಬೇರೆ ಬೇರೆ. ಆರಾಮ ಹೆಚ್ಚು, ಬೆಲೆಯೂ ಹೆಚ್ಚು. ಎಷ್ಟು ಕೊಂಡಿಯೋ ಅದರ ದುಪ್ಪಟ್ಟು ಬುಷ್. ಐದಾರು ವರ್ಷದ ಮೇಲೆ ಬುಷ್ ಬದಲಿಸೋ ಖರ್ಚು ಬಂದಾಗ ಈ ಮಾತು ನೆನಪಾಗುತ್ತೆ.

ಚಾಸಿಸ್ ಬಗ್ಗೆ ಒಂದೇ ಮಾತು. ಲಾರಿಯ ಹಾಗೆ ಕೆಳಗೆ ಬೇರೆ ಚೌಕಟ್ಟು, ಮೇಲೆ ಮೈ ಕೂರಿಸಿದ ಗಾಡಿ ಒರಟು ಕೆಲಸಕ್ಕೆ ಗಟ್ಟಿ, ಆದರೆ ಎತ್ತರ ಮತ್ತು ಭಾರ. ಮೈಯೇ ಚೌಕಟ್ಟು ಆಗಿರೋ ಮಾನೊಕಾಕ್ ಗಾಡಿ ಹಗುರ, ತಗ್ಗು, ತಿರುವಿನಲ್ಲಿ ಕಡಿಮೆ ವಾಲುತ್ತೆ. "ಚಾಸಿಸ್ ಇದ್ದರೆ ಸೇಫ್ಟಿ ಜಾಸ್ತಿ" ಅಂತ ಊರಲ್ಲಿ ಹೇಳೋದನ್ನು ನಂಬಬೇಡಿ. ಡಿಕ್ಕಿಯಲ್ಲಿ ಯಾವ ಗಾಡಿ ಹೇಗೆ ನಿಲ್ಲುತ್ತೆ ಅಂತ ನೋಡೋಕೆ 2023ರ ಅಕ್ಟೋಬರ್‌ನಿಂದ ನಮ್ಮದೇ ಭಾರತ್ ಎನ್‌ಸಿಎಪಿ ಪರೀಕ್ಷೆ ಇದೆ. ನಿಮ್ಮ ಮಾದರಿ ಅದರಲ್ಲಿ ಇದ್ದರೆ ಫೋನಿನಲ್ಲೇ ಫಲಿತಾಂಶ ಸಿಗುತ್ತೆ.

ಎರೆ ಸೀಮೆಯ ರಸ್ತೆ ಬೇರೆ ಪಾಠ ಹೇಳುತ್ತೆ

ಬೆಂಗಳೂರಿನ ವಿಡಿಯೊ ಮಾಡೋರು ಹೇಳಿದ್ದು ನಮಗೆ ಪೂರ್ತಿ ಹೊಂದೋದಿಲ್ಲ. ನಮ್ಮ ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತೆ. ಬೇಸಿಗೆಯಲ್ಲಿ ಹೊಲದ ಬಿರುಕಿಗೆ ಕೈ ಇಳಿಸಿ ನೋಡಿದವರಿಗೆ ಇದನ್ನು ಹೇಳಬೇಕಿಲ್ಲ. ಅದೇ ಮಣ್ಣಿನ ಮೇಲೆ ಡಾಂಬರು ಹಾಕಿದರೆ ಕೆಲವೇ ವರ್ಷಕ್ಕೆ ರಸ್ತೆ ಅಲೆ ಅಲೆ ಆಗುತ್ತೆ. ಗುಂಡಿ ಕಾಣೋದಿಲ್ಲ, ಕಪ್ಪಗೆ ಚೆನ್ನಾಗಿಯೇ ಕಾಣುತ್ತೆ. ಆದರೆ ಗಾಡಿ ದೋಣಿ ಥರ ತೇಲುತ್ತೆ.

ಇದರ ಲೆಕ್ಕ ಒಂದು ಸಲ ಮಾಡಿ ನೋಡಿ, ಮುಂದೆ ಉಪಯೋಗಕ್ಕೆ ಬರುತ್ತೆ. ಕಾರಿನ ಮೈ ಸ್ಪ್ರಿಂಗ್ ಮೇಲೆ ತನ್ನಷ್ಟಕ್ಕೆ ತೂಗೋ ಲಯ ಸಾಮಾನ್ಯವಾಗಿ ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ. ರಸ್ತೆಯ ಅಲೆಗಳ ನಡುವೆ 15 ಮೀಟರ್ ಅಂತರ ಇದೆ ಅಂದುಕೊಳ್ಳಿ. ಗಂಟೆಗೆ 80 ಕಿ.ಮೀ. ಅಂದರೆ ಸೆಕೆಂಡಿಗೆ 22 ಮೀಟರ್. ಅಲ್ಲಿಗೆ ಸೆಕೆಂಡಿಗೆ ಸುಮಾರು ಒಂದೂವರೆ ಅಲೆ ದಾಟಿದ ಹಾಗೆ. ಕಾರಿನ ಲಯವೂ ಅದೇ, ರಸ್ತೆಯ ಲಯವೂ ಅದೇ. ಜೋಕಾಲಿ ಹಿಂದೆ ಬಂದಾಗಲೆಲ್ಲ ಸರಿಯಾಗಿ ಒಂದೊಂದು ನೂಕು ಕೊಟ್ಟ ಹಾಗೆ, ಪ್ರತಿ ಅಲೆಗೂ ಕುಣಿತ ಹೆಚ್ಚುತ್ತೆ. ಇನ್ನೊಂದು ವಿಷಯ, ಗಾಡಿ ತುಂಬಿದಷ್ಟೂ ಅದರ ಲಯ ನಿಧಾನ ಆಗುತ್ತೆ. ಒಬ್ಬನೇ ಇದ್ದಾಗ 80ರಲ್ಲಿ ಕುಣಿದ ಕಾರು, ಏಳು ಜನ ಇದ್ದಾಗ 60-65ಕ್ಕೇ ಕುಣಿಯಬಹುದು. "ನಿನ್ನೆ ಇದೇ ರಸ್ತೆಯಲ್ಲಿ ಸರಿ ಬಂದ್ನಲ್ಲಾ" ಅನ್ನೋದು ಅದಕ್ಕೇ ಉಪಯೋಗ ಇಲ್ಲ. ಕುಣಿತ ಶುರುವಾದರೆ ವೇಗ ಬದಲಿಸಿ, ಅಂದರೆ ಇಳಿಸಿ. ಹತ್ತು ಹದಿನೈದು ಕಿ.ಮೀ. ಇಳಿಸಿದರೂ ಲಯ ತಪ್ಪಿ ಗಾಡಿ ಶಾಂತ ಆಗುತ್ತೆ.

ಅತಿ ಮೆತ್ತಗಿನ ಸ್ಪ್ರಿಂಗಿನ ಕಾರು ಶೋರೂಮಿನ ಪಕ್ಕದ ರಸ್ತೆಯಲ್ಲಿ ಹಂಸತೂಲಿಕಾ ತಲ್ಪ ಅನಿಸುತ್ತೆ. ಅದೇ ಕಾರು ಈ ಅಲೆ ರಸ್ತೆಯಲ್ಲಿ ಮಕ್ಕಳಿಗೆ ವಾಂತಿ ತರಿಸುತ್ತೆ. ನಮಗೆ ಬೇಕಾದದ್ದು ಮೆತ್ತಗಿನದ್ದಲ್ಲ, ಒಂದು ಸಲ ಎದ್ದು ಒಂದೇ ಸಲಕ್ಕೆ ಕೂರುವಂಥದ್ದು.

ನನ್ನ ತಪ್ಪು

ಇಲ್ಲಿ ನನ್ನದೊಂದು ಕಥೆ ಹೇಳಲೇಬೇಕು. ಐದು ಸೀಟಿನ ಹಳೆಯ ಕಾರು ಇತ್ತು. ತುಂಬಿದಾಗ ಹಿಂಭಾಗ ಉಬ್ಬಿಗೆ ತಾಗುತ್ತಿತ್ತು. ಒಂದು ಟೈರ್ ಅಂಗಡಿಯವರು "ಕಾಯಿಲ್ ನಡುವೆ ರಬ್ಬರ್ ಬಫರ್ ಹಾಕಿಸ್ರಿ, ಒಂದು ಇಂಚು ಎದ್ದು ಬಿಡ್ತತೆ" ಅಂದರು. ಎರಡು ಸಾವಿರದ ಕೆಲಸ. ಹಾಕಿಸಿದೆ. ಉಬ್ಬಿಗೆ ತಾಗೋದು ನಿಂತಿತು, ನಾನೂ ನಾಲ್ಕು ಜನಕ್ಕೆ ಹೇಳಿದೆ.

ಎರಡು ತಿಂಗಳ ಮೇಲೆ ಸಿರುಗುಪ್ಪ ಕಡೆಗೆ 150ಎ ಹೆದ್ದಾರಿಯಲ್ಲಿ ಹೋಗ್ತಿದ್ದೆ. ಕಾರಿನಲ್ಲಿ ನಾನು, ಹೆಂಡತಿ, ಹಿಂದೆ ಮಗಳು. ಕುರಿ ಹಿಂಡು ಒಮ್ಮೆಲೇ ರಸ್ತೆಗೆ ಇಳಿಯಿತು. ಬ್ರೇಕ್ ಒತ್ತಿ ಬಲಕ್ಕೆ ತಿರುಗಿಸಿದೆ. ರಸ್ತೆಯ ಅಲೆ ಮೇಲೆ ಹಿಂದಿನ ಚಕ್ರ ಎರಡು ಸಲ ಹಾರಿತು, ಹಿಂಭಾಗ ಜಾರಿ ಕಾರು ಅಡ್ಡ ತಿರುಗಿತು. ರಸ್ತೆ ಬಿಟ್ಟು ಭತ್ತದ ಗದ್ದೆಯ ಬದುವಿಗೆ ಹೋಗಿ ನಿಂತೆವು. ಎದುರಿನಿಂದ ಲಾರಿ ಬರುತ್ತಿರಲಿಲ್ಲ ಅಷ್ಟೇ. ಮಗಳು ಹಿಂದೆ ಬೆಲ್ಟ್ ಹಾಕಿರಲಿಲ್ಲ, ಮುಂದಿನ ಸೀಟಿಗೆ ಹಣೆ ಬಡಿದು ಮೂರು ಹೊಲಿಗೆ ಬಿತ್ತು. ಆ ಗುರುತು ಇವತ್ತಿಗೂ ಇದೆ.

ಆಮೇಲೆ ಕಲಿತದ್ದು ಇದು. ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ಹೋಗುತ್ತೆ, ಹಿಂದಿನ ಚಕ್ರ ಹಗುರ ಆಗುತ್ತೆ. ಅದೇ ಹೊತ್ತಿಗೆ ಹಿಂದಿನ ಸ್ಪ್ರಿಂಗ್ ಬಫರಿನಿಂದ ಗಟ್ಟಿಯಾಗಿದ್ದರೆ ಚಕ್ರ ರಸ್ತೆಯ ಏರಿಳಿತ ಹಿಂಬಾಲಿಸೋದಿಲ್ಲ, ಹಾರುತ್ತೆ. ನೆಲ ಬಿಟ್ಟ ಟೈರಿಗೆ ಹಿಡಿತ ಎಲ್ಲಿಂದ? ಕಂಪನಿಯವರು ಮುಂದೆ ಹಿಂದೆ ಲೆಕ್ಕ ಹಾಕಿ ಸ್ಪ್ರಿಂಗ್, ಶಾಕ್ ಕೂಡಿಸಿರುತ್ತಾರೆ. ನಾವು ಒಂದು ತುದಿ ಮಾತ್ರ ಬದಲಿಸಿದರೆ ಆ ಲೆಕ್ಕ ಪೂರ್ತಿ ತಪ್ಪುತ್ತೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕೂಡ ಕಂಪನಿ ಮಾಡಿಕೊಟ್ಟ ಮೂಲ ವಿವರ ಬದಲಾಗುವಂಥ ಮಾರ್ಪಾಡಿಗೆ ಅಡ್ಡಿ ಹೇಳುತ್ತೆ. ವಾರಂಟಿ, ಇನ್ಶೂರೆನ್ಸ್ ತಕರಾರು ಬೇರೆ. ಎತ್ತರ ಬೇಕಾದರೆ ಎತ್ತರ ಇರೋ ಗಾಡಿಯನ್ನೇ ಕೊಳ್ಳಿ. ತಗ್ಗು ಗಾಡಿ ಕೊಂಡು ಎತ್ತರಿಸಬೇಡಿ.

ಹೊರೆಯ ಲೆಕ್ಕ

ಗಾಡಿಯ ಕೈಪಿಡಿಯಲ್ಲಿ ಎರಡು ತೂಕ ಇರುತ್ತೆ: ಖಾಲಿ ತೂಕ ಮತ್ತು ತುಂಬಿದಾಗ ಮೀರಬಾರದ ಒಟ್ಟು ತೂಕ. ಎರಡನೆಯದರಲ್ಲಿ ಮೊದಲನೆಯದು ಕಳೆಯಿರಿ. ಅದೇ ನಿಮ್ಮ ಹೊರೆ. ಎರ್ಟಿಗಾ ಅಳತೆಯ ಏಳು ಸೀಟಿನ ಕಾರುಗಳಲ್ಲಿ ಇದು 6 ಕ್ವಿಂಟಲ್ ಆಸುಪಾಸು.

ದೊಡ್ಡಪ್ಪನ ಮನೆ ಲೆಕ್ಕ ಹಾಕಿದೆವು. ಐದು ದೊಡ್ಡವರು, ತಲೆಗೆ 65 ಕೆಜಿ ಹಿಡಿದರೆ 325. ಮಕ್ಕಳು 50. ಊರಿಗೆ ಹೋಗೋ ಬ್ಯಾಗು, ಬುತ್ತಿ, ನೀರು 40. ಬರುವಾಗ ಒಂದು ಅಕ್ಕಿ ಪಾಕೀಟು 25. ಒಟ್ಟು 440. ಅಲ್ಲಿಗೆ ಸರಿ. ಈಗ ಚಿಕ್ಕಪ್ಪನ ಆಸೆ ಸೇರಿಸಿ. ಯೂರಿಯಾ ಚೀಲ 45 ಕೆಜಿ, ನಾಲ್ಕು ಚೀಲ ಅಂದರೆ 180. ಒಟ್ಟು 620. ಮಿತಿ ದಾಟಿತು. ಅದೂ ಎಲ್ಲ ಭಾರ ಹಿಂದಿನ ಅಚ್ಚಿನ ಹಿಂದೆ. 75 ಕೆಜಿಯ ಭತ್ತದ ಚೀಲ ಆದರೆ ಮೂರಕ್ಕೇ ಕಥೆ ಮುಗೀತು.

ಮುಂದಿನ ಚಕ್ರ ಎಳೆಯೋ ಕಾರಿನಲ್ಲಿ ಹಿಂದೆ ಅತಿಯಾಗಿ ತುಂಬಿದರೆ ಇನ್ನೊಂದು ತೊಂದರೆ. ಮೂತಿ ಮೇಲೆದ್ದು ಮುಂದಿನ ಟೈರು ಹಗುರ ಆಗುತ್ತೆ. ಸ್ಟೀರಿಂಗ್ ಗಾಳಿಯಲ್ಲಿ ಇದ್ದ ಹಾಗೆ ಅನಿಸುತ್ತೆ, ರಾತ್ರಿ ನಿಮ್ಮ ಲೈಟು ಎದುರಿನವನ ಕಣ್ಣಿಗೆ ಹೊಡೆಯುತ್ತೆ. ಹಿಂದಿನ ಚಕ್ರ ಎಳೆಯೋ ಗಾಡಿಗೆ ಹೊರೆ ಬಿದ್ದಷ್ಟೂ ಹಿಡಿತ ಹೆಚ್ಚು, ಪಿಕಪ್ಪುಗಳೆಲ್ಲ ಹಾಗೆ ಇರೋದು ಇದಕ್ಕೇ. ಅದೇ ಗಾಡಿ ಖಾಲಿ ಇದ್ದು ಮಳೆ ಬಿದ್ದ ರಸ್ತೆಯಲ್ಲಿ ಜೋರಾಗಿ ತಿರುಗಿಸಿದರೆ ಹಿಂಭಾಗ ಜಾರುತ್ತೆ. ಇನ್ನು ಮಳೆಗಾಲದ ಎರೆ ಹೊಲದ ದಾರಿ, ಅದರಲ್ಲಿ ಇವೆರಡೂ ಅಷ್ಟೇ. ಮಣ್ಣು ಟೈರಿನ ಹಲ್ಲುಗಳಲ್ಲಿ ತುಂಬಿಕೊಂಡು ಟೈರು ನುಣ್ಣಗಿನ ಉಂಡೆ ಆಗುತ್ತೆ. ಫೋರ್ ವೀಲ್ ಡ್ರೈವ್ ಇದ್ದರೂ ರಸ್ತೆ ಟೈರ್ ಹಾಕಿಕೊಂಡು ನಡೆಯಲ್ಲ. ಅಲ್ಲಿಗೆ ಟ್ರ್ಯಾಕ್ಟರ್ ಇದೆಯಲ್ಲ.

ಟಾಪ್ ಮಾಡೆಲ್ ಅಂದರೆ ಆರಾಮ ಜಾಸ್ತಿ ಅಂತಲ್ಲ

ಟೈರಿನ ಮೇಲಿನ ಅಂಕಿ ಓದೋದು ಕಲಿಯಿರಿ. ಎರ್ಟಿಗಾದ ಟೈರು 185/65 ಆರ್15. ಅಗಲ 185 ಮಿ.ಮೀ., ಗೋಡೆಯ ಎತ್ತರ ಅದರ ಶೇ. 65, ಅಂದರೆ 120 ಮಿ.ಮೀ. ಬೊಲೆರೊದ್ದು 215/75 ಆರ್15, ಗೋಡೆ 161 ಮಿ.ಮೀ. ನಾಲ್ಕು ಸೆಂ.ಮೀ. ಹೆಚ್ಚು ಗಾಳಿಯ ಮೆತ್ತೆ. ಗುಂಡಿಗೆ ಬೊಲೆರೊ ಹೆದರೋದಿಲ್ಲ ಅನ್ನೋದರಲ್ಲಿ ಟೈರಿನ ಪಾಲೂ ಇದೆ, ಎಲ್ಲಾ ಹೆಸರು ಪಟ್ಟಿಗೇ ಹೋಗುತ್ತೆ ಅಷ್ಟೇ.

ಒಂದೇ ಕಾರಿನ ಬೇರೆ ಬೇರೆ ವೇರಿಯಂಟಿನಲ್ಲೂ ಇದು ಬದಲಾಗುತ್ತೆ. ಎಕ್ಸ್‌ಯುವಿ700ರಲ್ಲಿ 17 ಇಂಚಿನ ಚಕ್ರಕ್ಕೆ 235/65, 18 ಇಂಚಿನದಕ್ಕೆ 235/60. ಲೆಕ್ಕ ಹಾಕಿದರೆ ಗೋಡೆ 153ರಿಂದ 141 ಮಿ.ಮೀ.ಗೆ ಇಳಿಯುತ್ತೆ. ದೊಡ್ಡ ಅಲಾಯ್ ನೋಡೋಕೆ ಚಂದ, ತಿರುವಿನಲ್ಲಿ ಸ್ವಲ್ಪ ಚುರುಕು. ಹಳ್ಳಿ ರಸ್ತೆಗೆ ಸಣ್ಣ ಚಕ್ರ, ದಪ್ಪ ಟೈರೇ ವಾಸಿ, ಹೊಸ ಟೈರಿನ ಬೆಲೆಯೂ ಕಡಿಮೆ. ದುಡ್ಡು ಹೆಚ್ಚಿಗೆ ಕೊಡೋದಾದರೆ ಇಎಸ್‌ಪಿಗೆ ಕೊಡಿ. ಗಾಡಿ ಜಾರೋಕೆ ಶುರುವಾದ ತಕ್ಷಣ ಒಂದೊಂದು ಚಕ್ರಕ್ಕೆ ಬೇರೆ ಬೇರೆ ಬ್ರೇಕ್ ಕೊಟ್ಟು ನೇರಕ್ಕೆ ತರೋ ವ್ಯವಸ್ಥೆ ಅದು. ಎಬಿಎಸ್ 2019ರ ಏಪ್ರಿಲ್‌ನಿಂದ ಎಲ್ಲಾ ಹೊಸ ಕಾರಿನಲ್ಲೂ ಕಡ್ಡಾಯ, ಇಎಸ್‌ಪಿ ಮಾತ್ರ ನೀವು ಕೊಳ್ಳೋ ವೇರಿಯಂಟಿನಲ್ಲಿ ಇದೆಯಾ ಅಂತ ಬರಹದಲ್ಲೇ ನೋಡಿ. ಕುರಿ ಹಿಂಡಿನ ದಿನ ನನ್ನ ಕಾರಿನಲ್ಲಿ ಅದು ಇರಲಿಲ್ಲ.

ನಾವು ಹೇಗೆ ನೋಡಿದೆವು

ಶೋರೂಮಿನವರು ಕೊಡೋ ಟೆಸ್ಟ್ ಡ್ರೈವ್ ಅಂದರೆ ಒಳ್ಳೆ ರಸ್ತೆಯಲ್ಲಿ ಎರಡು ಕಿ.ಮೀ., ಎಸಿ ಹಾಕಿಕೊಂಡು, ಇಬ್ಬರೇ ಕೂತು. ನಾವು ಗಟ್ಟಿಯಾಗಿ ಕೇಳಿದೆವು. ಗಾಡಿ ಊರಿಗೆ ತರ್ರಿ, ಮನೆ ಮಂದಿ ಎಲ್ಲ ಕೂತು ನೋಡಬೇಕು ಅಂದೆವು. ಮೊದಲು ಗೊಣಗಿದರು, ಆಮೇಲೆ ಒಪ್ಪಿದರು. ಕಾಯಿಲ್ ಸ್ಪ್ರಿಂಗಿನದು ಒಂದು ದಿನ, ಕಮಾನ್ ಪಟ್ಟಿಯದು ಇನ್ನೊಂದು ದಿನ, ಎರಡೂ ಕೊಳಗಲ್ಲಿಗೆ ಬಂದವು.

ಮೊದಲು ಟೇಪು ಹಿಡಿದು ಖಾಲಿ ಗಾಡಿಯ ಹಿಂದಿನ ಚಕ್ರದ ಮುಂದೆ, ಬಾಗಿಲ ಕೆಳಗಿನ ಅಂಚು ನೆಲದಿಂದ ಎಷ್ಟು ಎತ್ತರ ಅಂತ ಅಳೆದೆವು. ಏಳು ಜನ ಕೂತ ಮೇಲೆ ಮತ್ತೆ ಅಳೆದೆವು. ಕಾಯಿಲ್ ಗಾಡಿ ಎರಡು ಇಂಚಿನಷ್ಟು ಇಳಿದಿತ್ತು, ಪಟ್ಟಿ ಗಾಡಿ ಅದರ ಅರ್ಧದಷ್ಟೂ ಇಳಿದಿರಲಿಲ್ಲ. ಜಾಹೀರಾತಿನಲ್ಲಿ ಗ್ರೌಂಡ್ ಕ್ಲಿಯರೆನ್ಸ್ 180, 185 ಅಂತ ಬರೆಯೋದು ಬಹಳ ಸಲ ಖಾಲಿ ಗಾಡಿಯದು. ನಿಮಗೆ ಬೇಕಾದದ್ದು ತುಂಬಿದ ಗಾಡಿಯದು. ನಿಮ್ಮ ಓಣಿಯ ಅತಿ ಎತ್ತರದ ಉಬ್ಬನ್ನು ಏಳು ಜನ ಕೂತೇ ದಾಟಿಸಿ. ನೇರವಾಗಿ ಒಂದು ಸಲ, ಓರೆಯಾಗಿ ಒಂದು ಸಲ.

ಆಮೇಲೆ ಸಣ್ಣ ಗುಂಡಿಗಳ ರಸ್ತೆ, 30-40 ವೇಗ. ಇದು ದೊಡ್ಡಪ್ಪನ ಪರೀಕ್ಷೆ. ಎರಡನೇ ಸಾಲಿನಲ್ಲಿ ಕೂತು ಕಣ್ಣು ಮುಚ್ಚಿಕೊಂಡರು. ಪಟ್ಟಿ ಗಾಡಿಯಲ್ಲಿ ಎರಡು ಕಿ.ಮೀ. ಹೋಗುವಷ್ಟರಲ್ಲಿ ಸೀಟಿನ ಅಂಚು ಹಿಡಿದುಕೊಂಡರು. ಏನೂ ಹೇಳಲಿಲ್ಲ, ಹೇಳೋ ಮನುಷ್ಯನೂ ಅಲ್ಲ. ಚಿಕ್ಕಪ್ಪ ಅದನ್ನು ನೋಡಿದರು. ಕೊನೆಗೆ ಅಲೆ ರಸ್ತೆ, 60ರಿಂದ 80. ಇಲ್ಲಿ ಕಾಯಿಲ್ ಗಾಡಿ ಸ್ವಲ್ಪ ತೇಲಿತು, ಆದರೆ ಪ್ರತಿ ಸಲ ಎದ್ದು ಒಂದೇ ಸಲಕ್ಕೆ ಕೂತಿತು. ಮೂರನೇ ಸಾಲಿನಲ್ಲಿ ನಾನೇ ಕೂತಿದ್ದೆ. ಈ ಸಾಲಿನಲ್ಲಿ ಮಕ್ಕಳನ್ನೇ ಕೂರಿಸಿ ಬಿಡ್ತೀವಿ, ಅವರ ಬಾಯಿಂದ ದೂರು ಬರೋದು ವಾಂತಿ ಆದ ಮೇಲೇ. ಕೊಳ್ಳೋ ಮೊದಲು ದೊಡ್ಡವರು ಒಬ್ಬರು ಅಲ್ಲಿ ಅರ್ಧ ಗಂಟೆ ಕೂತು ನೋಡಬೇಕು.

ಹಳೆಯ ಗಾಡಿ ಕೊಳ್ಳೋರು ಇನ್ನೂ ನಾಲ್ಕು ಕೆಲಸ ಮಾಡಿ. ಒಂದೊಂದು ಮೂಲೆಯನ್ನೂ ಕೈಯಿಂದ ಜೋರಾಗಿ ಒತ್ತಿ ಬಿಡಿ, ಎದ್ದು ನಿಲ್ಲಬೇಕು, ಮತ್ತೆ ಮತ್ತೆ ಕುಣಿದರೆ ಶಾಕ್ ಹೋಗಿದೆ. ಶಾಕಿನ ಮೈ ಮೇಲೆ ಎಣ್ಣೆ ಜಿಡ್ಡಿಗೆ ಧೂಳು ಅಂಟಿದೆಯಾ ನೋಡಿ. ಟೈರು ಒಂದೇ ಅಂಚಿಗೆ ಸವೆದಿದ್ದರೆ ಅಲೈನ್‌ಮೆಂಟ್ ಹೋಗಿದೆ ಅಥವಾ ಬುಷ್, ಬಾಲ್ ಜಾಯಿಂಟ್ ಸಡಿಲ ಆಗಿದೆ. ಕಾಯಿಲ್ ನಡುವೆ ರಬ್ಬರ್ ಬಫರ್, ಪಟ್ಟಿಯಲ್ಲಿ ಬೇರೆ ಬಣ್ಣದ ಹೆಚ್ಚಿನ ಎಲೆ ಕಂಡರೆ ಆ ಗಾಡಿ ಅತಿಯಾಗಿ ಹೊತ್ತಿದೆ ಅಂತ ಅರ್ಥ, ಬೆಲೆ ಇಳಿಸಿ ಇಲ್ಲವೇ ಬಿಟ್ಟು ಬನ್ನಿ.

ಕೊನೆಗೆ ದೊಡ್ಡಪ್ಪನ ಮನೆಗೆ ಬಂದದ್ದು ಕಾಯಿಲ್ ಸ್ಪ್ರಿಂಗಿನ ಮಾನೊಕಾಕ್ ಗಾಡಿ, ಟಾಪ್ ಮಾಡೆಲ್ ಅಲ್ಲ, ನಡುವಿನದು, 15 ಇಂಚಿನ ಚಕ್ರದ್ದು. ಗೊಬ್ಬರಕ್ಕೆ ಬಾಡಿಗೆ ಗೂಡ್ಸ್ ಆಟೊ. ವರ್ಷಕ್ಕೆ ಗೊಬ್ಬರ ತರೋದು ಎಷ್ಟು ಸಲ ಅಂತ ಬೆರಳು ಮಡಿಸಿ ಎಣಿಸಿದಾಗ ಚಿಕ್ಕಪ್ಪನೇ ಒಪ್ಪಿಕೊಂಡರು. ಅವರ ಗೊಣಗಾಟ ಪೂರ್ತಿ ನಿಂತಿಲ್ಲ, ಮಳೆ ಬಂದಾಗ ಕಾರು ಡಾಂಬರು ಅಂಚಿಗೆ ನಿಲ್ಲಿಸಿ ಹೊಲಕ್ಕೆ ನಡೆದು ಹೋಗಬೇಕು. ಒಂದೇ ಗಾಡಿ, ಟ್ರ್ಯಾಕ್ಟರ್ ಇಲ್ಲ, ವಾರಕ್ಕೆ ಮೂರು ದಿನ ತರಕಾರಿ ಅಥವಾ ಹಾಲಿನ ಕ್ಯಾನು ಹೊರಬೇಕು ಅನ್ನೋ ಮನೆಯಾದರೆ ನಾನು ಪಟ್ಟಿ ಗಾಡಿಯನ್ನೇ ಹೇಳ್ತಿದ್ದೆ.

ಗಾಡಿ ತಂದ ಮೇಲೆ ಒಂದು ಕೆಲಸ ತಪ್ಪಿಸಬೇಡಿ. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಗಾಳಿಯ ಚೀಟಿ ಅಂಟಿಸಿರುತ್ತಾರೆ. ಕಡಿಮೆ ಜನಕ್ಕೆ ಒಂದು ಅಂಕಿ, ತುಂಬು ಹೊರೆಗೆ ಇನ್ನೊಂದು. ಹಿಂದಿನ ಟೈರಿಗೆ ವ್ಯತ್ಯಾಸ ಹೆಚ್ಚು. ಅದನ್ನು ಫೋನಿನಲ್ಲಿ ಫೋಟೊ ತೆಗೆದು ಇಟ್ಟುಕೊಳ್ಳಿ. ಮಂತ್ರಾಲಯಕ್ಕೋ ತಿರುಪತಿಗೋ ಹೊರಡೋ ದಿನ ಬೆಳಗ್ಗೆ ಟೈರು ತಣ್ಣಗಿರುವಾಗ ಎರಡನೇ ಅಂಕಿಗೆ ತುಂಬಿಸಿ, ವಾಪಸ್ ಬಂದ ಮೇಲೆ ಮೊದಲನೆಯದಕ್ಕೆ ಇಳಿಸಿ. ಪಂಕ್ಚರ್ ಅಂಗಡಿಯವನು "ಎಲ್ಲಾದಕ್ಕೂ 35 ಹಾಕ್ಲಾ ಅಣ್ಣಾ?" ಅಂತಾನೆ. ಫೋಟೊ ತೋರಿಸಿ. ಮೊದಲ 5,000 ಕಿ.ಮೀ. ಆದ ಮೇಲೆ ಅಲೈನ್‌ಮೆಂಟ್ ನೋಡಿಸಿ, ದೊಡ್ಡ ಗುಂಡಿಗೆ ಬಿದ್ದು ಸ್ಟೀರಿಂಗ್ ಒಂದು ಕಡೆ ಎಳೆದರೆ ಅಷ್ಟು ದಿನ ಕಾಯಬೇಡಿ. ಹಿಂದೆ ಕೂತ ಮಕ್ಕಳ ಬೆಲ್ಟ್ ನೀವೇ ಕೈಯಿಂದ ಎಳೆದು ನೋಡಿ ಗಾಡಿ ಬಿಡಿ.